ಐದು ಮನೆಯ ಒಂದು ಚೀಲ

ಮಕ್ಕಳೇ, ಎದುರುಮನೆ ಅಜ್ಜಿಯ ಹನ್ನೊಂದನೇ ದಿನದ ಊಟಕ್ಕೆ ಹೋದಾಗ ಅಲ್ಲಿ ಯಾರೋ ಒಬ್ಬರು, "ಭಾರಿ ಗಟ್ಟಿಗಿತ್ತಿ ಕಣ್ರೀ, ಬದುಕಿರೋ ತನಕ ಒಂದು ರೂಪಾಯಿ ಬಿಟ್ಟೋಳಲ್ಲ" ಎಂದರು. ಎಲೆಯ ಮುಂದೆ ಕೂತಿದ್ದವರೆಲ್ಲ ನಕ್ಕರು. ನೀವೂ ನಕ್ಕಿರಿ. ಮನೆಗೆ ಬರುವಾಗ, "ಅಜ್ಜಿ, ಅವ್ರು ಅಷ್ಟೊಂದು ಜಿಪುಣರಾ?" ಎಂದು ಕೇಳಿದಿರಿ. ನಾನು ಉತ್ತರ ಕೊಡಲಿಲ್ಲ. ಕೇಳಿದ ತಕ್ಷಣ ಉತ್ತರ ಹೇಳುವುದು ನನಗೆ ಚಿಕ್ಕಂದಿನಿಂದಲೂ ಬಂದಿಲ್ಲ. ಕುಂಸಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರವನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಅದು ಇಷ್ಟವಿರಲಿಲ್ಲ. ಒಂದು ದಸರಾದಲ್ಲಿ ಬಟ್ಟೆ ಅಂಗಡಿಯವರು ಲಕ್ಕಿ ಡ್ರಾ ಚೀಟಿ ಕೊಟ್ಟು, ಹೆಸರು ಬರೆದು ಡಬ್ಬಿಗೆ ಹಾಕಿದರೆ ಫ್ರಿಜ್ ಬರಬಹುದು ಎಂದರು. ಇವರು ಚೀಟಿಯನ್ನು ತಿರುಗಿಸಿ ನೋಡಿ, "ಫ್ರಿಜ್ ನೀವು ಕೊಡ್ತೀರ. ಕರೆಂಟ್ ಬಿಲ್ಲು ಯಾರು ಕೊಡ್ತಾರೆ?" ಎಂದು ಖಾಲಿ ಚೀಟಿಯನ್ನೇ ವಾಪಸ್ ಕೊಟ್ಟು ಬಂದರು. ಜೊತೆಗಿದ್ದ ನಾನು ನಾಚಿಕೆಯಿಂದ ಸೀರೆಗಳ ಹಿಂದೆ ನಿಂತಿದ್ದೆ. ಆಮೇಲೆ ದಾರಿಯುದ್ದಕ್ಕೂ ನನಗೆ ಬೈದರು. "ಬೇಡ ಅನ್ನೋದಕ್ಕೂ ನಾಚ್ಕೊಂಡ್ರೆ ನಿನ್ನ ಮನೆ ಉಳಿಯುತ್ತಾ ಮಾರಾಯ್ತಿ?"

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಭದ್ರಾವತಿಯ ನಮ್ಮ ಓಣಿಗೆ ನಾನು ಮದುವೆಯಾಗಿ ಬಂದಾಗಲೇ ಅವರು ಎದುರುಮನೆಯಲ್ಲಿದ್ದರು. ಅವರ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರಾದವರು. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಅಕ್ಕನೇ ಆಡುತ್ತಿದ್ದರು. ಕುಳ್ಳಗಿನ ಹೆಂಗಸು, ಬಿರುಸು ನಡಿಗೆ. ಕಂಕುಳಲ್ಲಿ ಒಂದು ಚೀಲ, ಅದರೊಳಗೆ ಮಡಿಸಿದ ಇನ್ನೊಂದು ಚೀಲ, ಅದರೊಳಗೆ ಮತ್ತೊಂದು. ಅಂಗಡಿಯವನು ಕವರಿಗೆ ಎರಡು ರೂಪಾಯಿ ಕೇಳಿದರೆ ಆ ಮೂರನ್ನೂ ಒಂದೊಂದಾಗಿ ಕೌಂಟರ್ ಮೇಲೆ ಇಡುತ್ತಿದ್ದರು.

ಟೊಮ್ಯಾಟೊ ಬೆಲೆ ತಲೆಕೆಟ್ಟು ಏರಿದ ವರ್ಷ ನಿಮಗೆ ನೆನಪಿರಬಹುದು. ನಿಮ್ಮಮ್ಮ ಸಾರಿಗೆ ಎರಡರ ಬದಲು ಒಂದು ಹಾಕುತ್ತಿದ್ದಳು. ಅಕ್ಕನ ಮನೆಯಲ್ಲಿ ಒಂದು ಟೊಮ್ಯಾಟೊ ಮೂರು ದಿನ ಬರುತ್ತಿತ್ತು. ಮೊದಲ ದಿನ ಅರ್ಧ, ಮರುದಿನ ಇನ್ನರ್ಧ. ಮೂರನೇ ದಿನ ಹುಣಸೆಹಣ್ಣಿನ ಸಾರು ಮಾಡಿ ಯಜಮಾನರಿಗೆ, "ನಿನ್ನೆದೇ ಪಾತ್ರೆ, ಟೊಮ್ಯಾಟೊ ಘಮ ಇನ್ನೂ ಇದೆ ನೋಡಿ" ಎಂದು ಬಡಿಸುತ್ತಿದ್ದರು. ಅವರು ಮೂಸಿ ನೋಡಿ, ಇದೆ ಎನ್ನುತ್ತಿದ್ದರು. ಬೆಳ್ಳುಳ್ಳಿ ಏರಿದಾಗ ಒಗ್ಗರಣೆಗೆ ಎರಡು ಎಸಳು ಹಾಕಿ, ಬಡಿಸುವ ಮೊದಲು ಅವನ್ನು ಹುಡುಕಿ ತೆಗೆದಿಡುತ್ತಿದ್ದರು. ಮಾರನೇ ದಿನದ ಚಟ್ನಿಗೆ ಅವೇ.

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲಂತೂ ಅಕ್ಕನಿಗೆ ಊರು ಸಾಲಲಿಲ್ಲ. ಸೊಪ್ಪಿಗೆ ಹೊಳೆಹೊನ್ನೂರು, ತೆಂಗಿನಕಾಯಿಗೆ ಇನ್ನೆಲ್ಲೋ, ಬೇಳೆಗೆ ಶಿವಮೊಗ್ಗ. ಶಿವಮೊಗ್ಗಕ್ಕೆ ಐದೈದು ನಿಮಿಷಕ್ಕೆ ಪ್ರೈವೇಟ್ ಬಸ್ಸುಗಳು ಸಿಗುತ್ತವೆ. ಒಂದರ ಹಿಂದೊಂದು ಬಂದು ಹಾರ್ನ್ ಹೊಡೆದು ಹೋಗುತ್ತಿದ್ದರೂ ಅಕ್ಕ ತಲೆ ಎತ್ತುತ್ತಿರಲಿಲ್ಲ. ಸರ್ಕಾರಿ ಬಸ್ಸಿಗಾಗಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು, ಬಾಯಾರಿ, ನಲವತ್ತು ರೂಪಾಯಿಯ ಎಳನೀರನ್ನು ನೋಡಿ, ಮನೆಯಿಂದ ತಂದ ನೀರು ಕುಡಿಯುತ್ತಿದ್ದರು. ಒಮ್ಮೆ ಕಂಡಕ್ಟರ್, "ಅಮ್ಮಾ, ನಿನ್ನೆ ತಾನೇ ಬಂದಿದ್ರಲ್ಲ?" ಎಂದ. "ನಿನ್ನೆ ರೇಟು ಕೇಳಕ್ಕೆ ಬಂದಿದ್ದೆ. ಇವತ್ತು ತಗೊಳ್ಳಕ್ಕೆ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಆದರೆ ಅಕ್ಕನ ನಿಜವಾದ ಕಸುಬು ಇದ್ಯಾವುದೂ ಅಲ್ಲ. ಅದು ತೊಗರಿಬೇಳೆ ಪಾಲು.

ಎರಡು ತಿಂಗಳಿಗೊಮ್ಮೆ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಮಂಡಿಯಿಂದ ಅಕ್ಕ ಮೂವತ್ತು ಕೆಜಿಯ ಬೇಳೆ ಚೀಲ ತರುತ್ತಿದ್ದರು. ಐದು ಮನೆಗೆ ಆರಾರು ಕೆಜಿ. ಅಕ್ಕನ ಮನೆ, ನಮ್ಮ ಮನೆ, ಮೂಲೆಮನೆಯ ಟೈಲರ್ ಹೆಂಡತಿ, ಸೊಸೈಟಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಮತ್ತೆ ಯಾರು ಏನೇ ಹೇಳಿದರೂ ಹೂಂ ಎನ್ನುವ ಟೀಚರು. ಐವರಲ್ಲಿ ಒಬ್ಬರು ಬಿಟ್ಟರೂ ಪಾಲು ನಿಲ್ಲುತ್ತಿತ್ತು. ನಾಲ್ಕೇ ಮನೆಯಾದರೆ ಬೇಳೆ ಮುಗಿಯುವ ಮೊದಲು ಹುಳು ಬೀಳುತ್ತದೆ. ಹಾಗಾಗಿ ಐದನ್ನು ಐದಾಗಿಯೇ ಉಳಿಸಿಕೊಳ್ಳುವುದು ಅಕ್ಕನ ಹಟ.

ಪಾಲು ಹಾಕುವುದು ಅವರ ಜಗಲಿಯಲ್ಲಿ, ಭಾನುವಾರ ಬೆಳಿಗ್ಗೆ. ಚೀಲದ ಬಾಯಿ ಹೊಲಿದ ದಾರದ ಸರಿಯಾದ ತುದಿ ಹಿಡಿದು ಎಳೆದರೆ ಅಷ್ಟೂ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಆ ತುದಿ ಯಾವುದೆಂದು ನಮ್ಮಲ್ಲಿ ಅವರಿಗೊಬ್ಬರಿಗೇ ಗೊತ್ತಿತ್ತು. ದಾರವನ್ನು ಉಂಡೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ತಕ್ಕಡಿಯನ್ನು ನಂಬುತ್ತಿರಲಿಲ್ಲ. ಅತ್ತೆಯ ಕಾಲದ ಹಿತ್ತಾಳೆ ಸೇರಿನಲ್ಲೇ ಅಳೆಯಬೇಕು. ಮೊದಲ ಸೇರಿಗೆ ಒಂದು ಎನ್ನುವ ಹಾಗಿಲ್ಲ, ಹಳೆಯ ಪದ್ಧತಿಯಂತೆ ಲಾಭ ಎನ್ನಬೇಕು. "ಲಾಭ, ಎರಡು, ಮೂರು..." ಪ್ರತಿ ಮನೆಯ ಪಾಲಿಗೂ ಮೊದಲು ಲಾಭ. ಸೇರು ತಲೆಯೇರಿ ಗೋಪುರವಾಗಬೇಕು, ಎರಡು ಕಾಳು ಕೆಳಗೆ ಬೀಳಬೇಕು. ಅಳೆದವರು ಕೊನೆಗೆ ತೆಗೆದುಕೊಳ್ಳಬೇಕು ಎನ್ನುವುದು ಅವರೇ ಮಾಡಿದ ನಿಯಮ. ನಾಲ್ಕು ಮನೆಗೆ ಗೋಪುರ ಕಟ್ಟಿದ ಮೇಲೆ ಅವರಿಗೆ ಉಳಿಯುತ್ತಿದ್ದುದು ಚೀಲದ ತಳದ ನುಚ್ಚು, ಹುಡಿ, ಮತ್ತು ಖಾಲಿ ಚೀಲ.

ಆ ಖಾಲಿ ಚೀಲದ ಮೇಲೆ ಓಣಿಯವರಿಗೆಲ್ಲ ಕಣ್ಣು.

"ಚೀಲ ಏನ್ ಮಾಡ್ತಾರೆ ಅಂತೀರಿ? ಮಾರ್ತಾರೆ" ಎಂದು ಟೈಲರ್ ಹೆಂಡತಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. "ಮಂಡಿಯವನ ಹತ್ರ ಕಮಿಷನ್ನೂ ಇರುತ್ತೆ. ಸುಮ್ನೆ ಯಾರು ಬಿಸಿಲಲ್ಲಿ ಸಾಯ್ತಾರೆ?"

ನನಗೂ ಒಮ್ಮೊಮ್ಮೆ ಹಾಗನ್ನಿಸುತ್ತಿತ್ತು. ಇರಲಿ ಬಿಡು, ಕಷ್ಟಪಡುತ್ತಾರಲ್ಲ ಎಂದುಕೊಳ್ಳುತ್ತಿದ್ದೆ. ನಿಮ್ಮ ತಾತ ತೀರಿಕೊಳ್ಳುವವರೆಗೆ ನಾನು ಅಂಗಡಿಯಲ್ಲಿ ರೇಟು ಕೇಳಿದವಳಲ್ಲ. ಅವರು ಹೋದ ಮೇಲೆ ಮೊದಲ ಸಲ ಅಂಗಡಿಗೆ ಹೋಗಿ, ಎಲ್ಲರೂ ತೆಗೆದುಕೊಂಡು ಹೋಗಲಿ ಎಂದು ಕಾದು, ಕೊನೆಗೆ ಬಾಗಿಲು ಹಾಕುವಾಗ ಅಂಗಡಿಯವನೇ ಏನು ಬೇಕಮ್ಮ ಎಂದು ಕೇಳಿದಾಗ ಬರೀ ಉಪ್ಪು ತಂದಿದ್ದೆ. ಮನೆಯಲ್ಲಿ ಉಪ್ಪು ಇತ್ತು. ಆ ವಿಷಯ ಗೊತ್ತಾದ ಮೇಲೆ ಅಕ್ಕ ನನ್ನ ಪಾಲನ್ನು ತಾವೇ ಮನೆಗೆ ತಂದು ಇಟ್ಟು ಹೋಗುತ್ತಿದ್ದರು.

ಆಮೇಲೆ ಮೇನ್ ರೋಡಿನಲ್ಲಿ ಎರಡು ಮಹಡಿಯ ಮಾರ್ಟ್ ಬಂತು. ತಣ್ಣಗೆ ಏಸಿ, ತಳ್ಳುವ ಗಾಡಿ, ಒಂದಕ್ಕೊಂದು ಫ್ರೀ. ಬೇಳೆಯೂ ಅಗ್ಗ. ಬ್ಯಾಂಕಿನ ಹುಡುಗಿ ಮೊದಲ ವಾರವೇ ಹೋಗಿ ರೇಟು ನೋಡಿಕೊಂಡು ಬಂದಳು. ಅವತ್ತು ಅಕ್ಕನ ಮುಖ ನೋಡಬೇಕಿತ್ತು. "ಎಷ್ಟಂತೆ?" ಎಂದರು. ಹೇಳಿದಳು. ಅಕ್ಕ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ, "ನಮ್ಮ ಮಂಡೀಲಿ ಅದಕ್ಕಿಂತ ಎರಡು ರೂಪಾಯಿ ಕಮ್ಮಿ" ಎಂದರು.

ಅಲ್ಲಿಂದ ಮುಂದೆ ಯಾವಾಗಲೂ ಹಾಗೆಯೇ ಆಯಿತು. ಮಾರ್ಟ್ ಏರಿಸಿದರೂ ಇಳಿಸಿದರೂ ಅಕ್ಕನ ಬೇಳೆ ಎರಡು ರೂಪಾಯಿ ಕಡಿಮೆ. ದೊಡ್ಡ ಕಂಪನಿಯವರಿಗೇ ಆಗದ್ದು ಈ ಹೆಂಗಸಿಗೆ ಹೇಗೆ ಸಾಧ್ಯ ಎಂದು ಯಾರೂ ಯೋಚಿಸಲಿಲ್ಲ. ಚೌಕಾಸಿ ಎಂದರೆ ಅಕ್ಕ, ಅಕ್ಕ ಎಂದರೆ ಚೌಕಾಸಿ. ಬಿಟ್ಟುಬಿಡೋಣ ಎಂದು ಗೊಣಗುತ್ತಿದ್ದ ಟೈಲರ್ ಹೆಂಡತಿಯೂ ರೇಟು ಕೇಳಿ ಸುಮ್ಮನಾಗುತ್ತಿದ್ದಳು. ಐದು ಮನೆ ಐದಾಗಿಯೇ ಉಳಿಯಿತು.

ಹೀಗಿರುವಾಗ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದರು ಡಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತರು. ಆ ವಾರವೇ ಬೇಳೆ ತರಬೇಕಿತ್ತು.

"ಈ ಸಲ ಮಾರ್ಟಲ್ಲೇ ತಗೊಂಡ್ರಾಯ್ತು ಬಿಡಿ" ಎಂದಳು ಬ್ಯಾಂಕಿನ ಹುಡುಗಿ. ಟೈಲರ್ ಹೆಂಡತಿ ಜೋರಾಗಿ ತಲೆಯಾಡಿಸಿದಳು. ಟೀಚರು ಹೂಂ ಎಂದರು.

ಒಂದು ಸಲ ಮಾರ್ಟಿಗೆ ಹೋದವರು ತಿರುಗಿ ಜಗಲಿಗೆ ಬರುವುದಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾಕೋ ನನ್ನ ಬಾಯಿಂದ, "ನಾನು ಹೋಗಿ ತರ್ತೀನಿ" ಎಂದು ಬಂದುಬಿಟ್ಟಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನೂ ಯಾರು ಮಾತಾಡಿದ್ದು ಎನ್ನುವ ಹಾಗೆ ಹಿಂದೆ ನೋಡಿದೆ.

ಅವರೆಲ್ಲ ಹೋದ ಮೇಲೆ ಅಕ್ಕ ಗದರಿದರು. "ನೀನು ಹೋಗೋದು ಬೇಡ. ನಿಂಗೆ ಉಪ್ಪು ಕೇಳಕ್ಕೆ ಬರಲ್ಲ."

"ಬರುತ್ತೆ ಅಕ್ಕಾ."

"ಅವನು ಹೇಳಿದ ರೇಟಿಗೆ ತಂದುಬಿಡ್ತೀಯ."

"ಹೋದ ಸಲದ ರೇಟಿಗೇ ಕೊಡಿ ಅಂತೀನಿ."

"ಅದೆಲ್ಲ ಮಾತಾಡಕ್ಕೆ ಹೋಗ್ಬೇಡ!" ಎಂದರು ಗಾಬರಿಯಿಂದ. "ಅವನು ಕೇಳಿದ್ದು ಕೊಟ್ಟು ತಗೊಂಡು ಬಾ. ಜಾಸ್ತಿ ಮಾತು ಬೇಡ. ಬಂದು ನನ್ನ ಕಿವೀಲಿ ಹೇಳು. ಬೇರೆಯವರಿಗೆ ನಾನು ಹೇಳ್ತೀನಿ." ಹೇಳಿ, ಸೆರಗಿನ ಗಂಟಿನಿಂದ ಐನೂರರ ಒಂದು ನೋಟು ತೆಗೆದು ಕೈಗೆ ತುರುಕಿದರು. "ಲಗೇಜಿಗೆ ಬೇಕಾಗುತ್ತೆ."

ಲಗೇಜಿಗೆ ಮೂವತ್ತು ರೂಪಾಯಿಯನ್ನೂ ಕೊಡದೆ ಕಂಡಕ್ಟರಿನ ಜೊತೆ ಮಾಚೇನಹಳ್ಳಿಯವರೆಗೆ ಜಗಳವಾಡುವ ಅಕ್ಕ ಐನೂರು ಕೊಟ್ಟಾಗ ನನಗೆ ಅರ್ಥವಾಗಬೇಕಿತ್ತು. ಆಪರೇಷನ್ನಿನಿಂದ ತಲೆ ಮಂಕಾಗಿದೆ ಎಂದುಕೊಂಡೆ.

ಮಂಡಿಯಲ್ಲಿ ಗದ್ದಲ. ಹತ್ತು ನಿಮಿಷ ಕಂಬದ ಪಕ್ಕ ನಿಂತೆ. ಆಮೇಲೆ ಸಾಹುಕಾರರೇ ನನ್ನ ಕಂಕುಳಲ್ಲಿದ್ದ ಅಕ್ಕನ ಚೀಲ ನೋಡಿ, "ಭದ್ರಾವತಿ ಅಮ್ಮನ ಕಡೆಯವ್ರಾ?" ಎಂದು ಕರೆದು, ನೂರ ಐವತ್ತಾರು ಎಂದರು. ಹೋದ ಸಲ ನಮಗೆ ಅಕ್ಕ ಹೇಳಿದ್ದು ನೂರ ನಲವತ್ತೆಂಟು. ಮಾರ್ಟಿನಲ್ಲಿ ಆಗಲೂ ಈಗಲೂ ನೂರ ಐವತ್ತು. ನಾನು ಬಾಯಿಲ್ಲದವಳು ಎಂದು ಮೋಸ ಮಾಡುತ್ತಿದ್ದಾರೆ ಎನ್ನಿಸಿತು. ಅಕ್ಕ ಬೇಡ ಎಂದಿದ್ದರೂ ಬಾಯಿ ತೆರೆದೆ.

"ಹೋದ ಸಲ ಅಕ್ಕನಿಗೆ ನಲವತ್ತೆಂಟಕ್ಕೆ ಕೊಟ್ಟಿದ್ರಲ್ಲ."

"ಯಾರು ಹೇಳಿದ್ದು?"

"ಅಕ್ಕನೇ."

ಸಾಹುಕಾರರು ನಕ್ಕು, ಹಳೆಯ ಬಿಲ್ ಬುಕ್ಕು ತೆಗೆದು ನನ್ನ ಕಡೆ ತಿರುಗಿಸಿದರು. ಹೋದ ಸಲದ ರೇಟು ನೂರ ಐವತ್ತೆಂಟು. ಅದರ ಹಿಂದಿನದೂ ನಾವು ಕೊಟ್ಟಿದ್ದಕ್ಕಿಂತ ಜಾಸ್ತಿಯೇ.

"ಒಂದು ಚೀಲಕ್ಕೆ ಹೋಲ್‌ಸೇಲ್ ಎಲ್ಲಿಂದ ಬರುತ್ತಮ್ಮ? ಮಾರ್ಟ್‌ನವ್ರು ಲಾರಿಗಟ್ಲೆ ತರ್ತಾರೆ. ಅವರ ರೇಟು ನಮ್ಮ ಕೈಲಿ ಆಗಲ್ಲ. ಅಮ್ಮನಿಗೂ ಹೇಳ್ದೆ, ಅಲ್ಲೇ ತಗೊಳ್ಳಿ, ನಮ್ಮನೇಗೂ ಸೋಪು ಅಲ್ಲಿಂದ್ಲೇ ತರೋದು ಅಂತ. 'ನಿನ್ನ ವ್ಯಾಪಾರ ನೀನು ನೋಡ್ಕೊ' ಅಂದ್ರು."

ಸರ್ಕಾರಿ ಬಸ್ಸಿನಲ್ಲಿ ಕಾಲಿನ ಹತ್ತಿರ ಚೀಲ ಇಟ್ಟುಕೊಂಡು ಕೂತೆ. ಟೊಮ್ಯಾಟೊ ಘಮದ ಸಾರು, ಎರಡು ಸಲ ಬಳಸಿದ ಬೆಳ್ಳುಳ್ಳಿ, ಕುಡಿಯದ ಎಳನೀರು ಎಲ್ಲ ಎಲ್ಲಿಗೆ ಹೋಗುತ್ತಿತ್ತು ಎಂದು ಈಗ ಗೊತ್ತಾಯಿತು. ನಾವು ಉಳಿಸುತ್ತಿದ್ದೇವೆ ಎಂದು ನಮ್ಮನ್ನು ನಂಬಿಸಲು ಅಕ್ಕ ತಮ್ಮ ಮನೆಯಲ್ಲಿ ಉಳಿಸುತ್ತಿದ್ದರು.

ಜಗಲಿಯಲ್ಲಿ ಎಲ್ಲರೂ ಕಾಯುತ್ತಿದ್ದರು. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಲಿ ಎಂದು ಅಕ್ಕ ಕತ್ತು ಮುಂದೆ ಚಾಚಿದರು. ಅಷ್ಟರಲ್ಲಿ ಬ್ಯಾಂಕಿನ ಹುಡುಗಿ, "ಎಷ್ಟಾಯ್ತು ಆಂಟಿ?" ಎಂದಳು.

"ನೂರ ನಲವತ್ತೆಂಟು" ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ಅಯ್ಯೋ, ನೀವೂ ಚೌಕಾಸಿ ಕಲಿತ್ರಾ!" ಎಂದಳು ಟೈಲರ್ ಹೆಂಡತಿ. ಅವಳ ದನಿಯಲ್ಲಿ ಖುಷಿ ಅಷ್ಟೇನೂ ಇರಲಿಲ್ಲ. ಅದೇಕೆಂದು ಆಗ ತಿಳಿಯಲಿಲ್ಲ.

ಭಾನುವಾರಕ್ಕೆ ಕಾಯದೆ ಅವತ್ತೇ ನಾನೇ ಅಳೆದೆ. ಪಾಲು ಮುಗಿದು ಎಲ್ಲರೂ ಹೋದ ಮೇಲೆ ಐನೂರರ ನೋಟನ್ನು ಅಕ್ಕನ ಮಡಿಲಲ್ಲಿಟ್ಟೆ. "ಲಗೇಜಿಗೆ ನನ್ನ ಹತ್ರ ಚಿಲ್ಲರೆ ಇತ್ತು ಅಕ್ಕಾ."

ಕಪ್ಪು ಕನ್ನಡಕದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ನೋಟನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಬಿಲ್ಲು?"

"ಬಸ್ಸಲ್ಲಿ ಹರಿದು ಬಿಸಾಕ್ದೆ."

ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡು, "ನಲವತ್ತೇಳು ಅಂದಿದ್ರೂ ನಂಬ್ತಿದ್ರು ಅವ್ರು" ಎಂದರು.

ಆಮೇಲೆ ಒಂದೂವರೆ ವರ್ಷ ಇಬ್ಬರೂ ಜೊತೆಯಲ್ಲೇ ಹೋಗುತ್ತಿದ್ದೆವು. ಮಂಡಿಯ ಮುಂದೆ ಪ್ರತಿ ಸಲ ಜಗಳ. ನಷ್ಟದಲ್ಲಿ ಅರ್ಧ ನಾನು ಕೊಡುತ್ತೇನೆ ಎಂದು ನಾನು, ನಿನ್ನ ಪೆನ್ಷನ್ ಮುಟ್ಟಬೇಡ ಎಂದು ಅವರು. ನಷ್ಟಕ್ಕಾಗಿ ಇಬ್ಬರು ಹೆಂಗಸರು ಕಿತ್ತಾಡುವುದನ್ನು ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ, "ಯಾಕಕ್ಕಾ ಇದೆಲ್ಲ?" ಎಂದು ಕೇಳಿಯೇಬಿಟ್ಟೆ. ಕಿಟಕಿಯ ಹೊರಗೆ ನೋಡುತ್ತಾ, "ಕೆಲವ್ರು ಸಿನಿಮಾಕ್ಕೆ ಹೋಗ್ತಾರೆ. ಕೆಲವ್ರು ಚಿನ್ನ ಮಾಡಿಸ್ಕೊಳ್ತಾರೆ. ನಂಗೆ ಇದೊಂದು ಖರ್ಚು ಇರ್ಲಿ ಬಿಡು" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ತಿಂಗಳು ಅಕ್ಕ ಹೋದರು. ಎರಡು ದಿನ ಜ್ವರ, ಅಷ್ಟೇ. ಆಸ್ಪತ್ರೆಗೂ ಹೆಚ್ಚು ಖರ್ಚು ಮಾಡಿಸಲಿಲ್ಲ.

ಹನ್ನೊಂದನೇ ದಿನದ ಊಟ ಮುಗಿಸಿ ನಾವು ನಾಲ್ವರು ಅದೇ ಜಗಲಿಯಲ್ಲಿ ಕೂತಿದ್ದೆವು. ನೀವು ಹೊರಗೆ ಚಪ್ಪಲಿ ಹುಡುಕುತ್ತಿದ್ದಿರಿ. ಬ್ಯಾಂಕಿನ ಹುಡುಗಿ ತಗ್ಗಿದ ದನಿಯಲ್ಲಿ, "ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಇರೋರು ಇಬ್ರು. ಆರು ಕೆಜಿ ಬೇಳೆ ಖರ್ಚೇ ಆಗ್ತಿರ್ಲಿಲ್ಲ. ಅರ್ಧ ಅಮ್ಮನ ಮನೆಗೆ ಕಳಿಸ್ತಿದ್ದೆ" ಎಂದಳು.

"ಮತ್ತೆ ಬಿಡೋದಲ್ವಾ?" ಎಂದೆ.

"ಹೇಗೆ ಬಿಡೋದು ಆಂಟಿ? ಅಷ್ಟು ಕಷ್ಟಪಟ್ಟು ತರ್ತಾರೆ. ಮುಖ ನೋಡಿ ಬೇಡ ಅನ್ನಕ್ಕಾಗುತ್ತಾ? ರೇಟು ಒಂದು ಸಲ ಮಾರ್ಟಿಗಿಂತ ಜಾಸ್ತಿ ಆಗ್ಲಿ, ಅದೇ ನೆಪ ಮಾಡಿ ಬಿಡೋಣ ಅಂತ ಕಾಯ್ತಿದ್ದೆ. ಆಗ್ಲೇ ಇಲ್ಲ."

"ನಾನೂ ಅದನ್ನೇ ಕಾಯ್ತಿದ್ದೆ ಕಣಮ್ಮ!" ಎಂದು ಟೈಲರ್ ಹೆಂಡತಿ ತೊಡೆ ತಟ್ಟಿಕೊಂಡಳು. "ನಮಗೂ ಎರಡು ತಿಂಗಳಿಗೆ ಬೇಳೆ ಎರಡು ಕೆಜಿ ಸಾಕು. ಆದ್ರೆ ಆ ಯಮ್ಮ ರೇಟು ಏರೋಕೆ ಬಿಟ್ರೆ ತಾನೇ?" ಟೀಚರು ಹೂಂ ಎಂದರು.

ಇವರನ್ನು ಉಳಿಸಿಕೊಳ್ಳಲು ಅಕ್ಕ ಕೈಯಿಂದ ದುಡ್ಡು ಹಾಕಿದರು. ತಪ್ಪಿಸಿಕೊಳ್ಳಲು ಇವರು ರೇಟು ಏರುವುದನ್ನೇ ಕಾಯುತ್ತಿದ್ದರು. ಒಂದೇ ಒಂದು ಭಾನುವಾರ ಯಾರಾದರೂ ನಿಜ ಹೇಳಿದ್ದರೆ ಎಲ್ಲರ ದುಡ್ಡೂ ಉಳಿಯುತ್ತಿತ್ತು. ಉಳಿತಾಯದ ಮಾತಲ್ಲದೆ ಬೇರೆ ಮಾತು ಆಡದ ಜಗಲಿ ಅದು.

ಬಿಲ್ಲಿನ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಇವರು ಅಕ್ಕನಿಗಾಗಿ ಅಳುತ್ತಿದ್ದರು. ಆದರೆ ಚೌಕಾಸಿಯಲ್ಲಿ ಅವರನ್ನು ಮೀರಿಸಿದವರಿಲ್ಲ ಎಂಬ ಒಂದು ಹೆಸರಿಗಾಗಿ ಅವರು ಅಷ್ಟೊಂದು ಖರ್ಚು ಮಾಡಿದ್ದರು. ಅದನ್ನು ಹನ್ನೊಂದನೇ ದಿನವೇ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ.

ಮುಂದಿನ ಸೋಮವಾರ ನಾನೊಬ್ಬಳೇ ಶಿವಮೊಗ್ಗಕ್ಕೆ ಹೋದೆ. ಈ ಸಲ ಕಂಬದ ಪಕ್ಕ ನಿಲ್ಲಲಿಲ್ಲ. ನೇರವಾಗಿ ಹೋಗಿ ರೇಟು ಕೇಳಿದೆ. ನೂರ ಎಪ್ಪತ್ತೆಂಟು ಎಂದರು. ಚೀಲ ತೆಗೆದುಕೊಳ್ಳದೆ ಬಂದೆ. ಸಂಜೆ ಮೂವರನ್ನೂ ಕರೆದು, ಅಷ್ಟೇ ಗಟ್ಟಿ ದನಿಯಲ್ಲಿ, ನೂರ ಎಪ್ಪತ್ತೆಂಟು ಎಂದೆ. ಮಾರ್ಟಿನಲ್ಲಿ ನೂರ ಎಪ್ಪತ್ತಿತ್ತು.

ಮೂವರ ಮುಖದಲ್ಲೂ ಎಷ್ಟು ಬೇಗ ನೆಮ್ಮದಿ ಬಂತೆಂದರೆ ಅದನ್ನು ಮುಚ್ಚಿಕೊಳ್ಳಲು ಅವರಿಗೆ ಸಮಯವೇ ಸಿಗಲಿಲ್ಲ. "ಅಯ್ಯೋ, ಹಾಗಾದ್ರೆ ಬೇಡ ಬಿಡಿ" ಎಂದಳು ಬ್ಯಾಂಕಿನ ಹುಡುಗಿ. ಟೀಚರು ಯಾರೂ ಕೇಳುವ ಮೊದಲೇ ಹೂಂ ಎಂದುಬಿಟ್ಟರು.

ಟೈಲರ್ ಹೆಂಡತಿ ಮಾತ್ರ ನನ್ನನ್ನು ಕನಿಕರದಿಂದ ನೋಡಿದಳು. "ಅವರಿದ್ದಿದ್ರೆ ಅರವತ್ತೆಂಟಕ್ಕೆ ತರ್ತಿದ್ರು. ನೀವು ಬೇಜಾರ್ ಮಾಡ್ಕೋಬೇಡಿ ಅಮ್ಮಾ. ನಿಮ್ಮನ್ನ ನೋಡಿ ಅವನು ಏರಿಸಿ ಹೇಳಿದಾನೆ. ನಿಮಗೆ ಚೌಕಾಸಿ ಬರಲ್ಲ."

"ಇಲ್ಲ ಕಣಮ್ಮ," ಎಂದೆ, "ನನಗೆ ಬರಲ್ಲ."